ಹಳದಿ ಗೆರೆ ಬಿಸಿಲಲ್ಲಿ ಕಾಣುವುದಿಲ್ಲ: ಆಟೋಕ್ಯಾಡ್ ಪ್ಲಾಟ್ ಸ್ಟೈಲ್ ಬಗ್ಗೆ ನನ್ನ ಅನುಭವ

ಸೈಟಲ್ಲಿ ಮಧ್ಯಾಹ್ನದ ಬಿಸಿಲು. ಮೇಸ್ತ್ರಿ ಸೆಂಟರ್‌ಲೈನ್ ಡ್ರಾಯಿಂಗನ್ನು (ಕಾಲಮ್, ಗೋಡೆಗಳ ನಡುಗೆರೆ ತೋರಿಸುವ ನಕ್ಷೆ) ಒಮ್ಮೆ ಬಿಸಿಲಿಗೆ ಓರೆ ಮಾಡಿ, ಒಮ್ಮೆ ನೆರಳಿಗೆ ತಂದು ನೋಡುತ್ತಿದ್ದರು. "ಸರ್, ಇಲ್ಲಿ ಅಳತೆನೇ ಹಾಕಿಲ್ವಲ್ಲ. ರೂಮು 10 ಅಡಿ ಅಂತ ಇತ್ತು, ಅದನ್ನೇ ಹಿಡಿದೆ" ಅಂದರು. ಅಳತೆ ನಾನು ಹಾಕಿದ್ದೆ. ಕಾಲಮ್ ಸೆಂಟರಿಂದ ಸೆಂಟರಿಗೆ 10 ಅಡಿ 9 ಇಂಚು. ಒಳಗಿನ ಅಳತೆ 10 ಅಡಿ, ಗೋಡೆ 9 ಇಂಚು, ಎರಡೂ ಕಡೆಯಿಂದ ಅರ್ಧರ್ಧ ಗೋಡೆ ಸೇರಿ 10 ಅಡಿ 9 ಇಂಚು. ಆದರೆ ಆ ಅಳತೆಯ ಲೇಯರ್ (ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಒಂದೇ ಥರದ ಗೆರೆಗಳನ್ನು ಇಡುವ ಪದರ) ಹಳದಿ ಬಣ್ಣದ್ದು. ಪ್ರಿಂಟ್ ಕೂಡ ಹಳದಿಯಲ್ಲೇ ಬಂದಿತ್ತು. ಬಿಳಿ ಕಾಗದದ ಮೇಲೆ ಹಳದಿ ಗೆರೆ, ಮೇಲೆ ಬಿಸಿಲು. ರೂಮಿನ ಹೆಸರು ಮತ್ತು ಒಳ ಅಳತೆ ಕಪ್ಪಗಿದ್ದವು, ಅವರು ಕಂಡಿದ್ದನ್ನು ಹಿಡಿದಿದ್ದರು. ಅಷ್ಟರಲ್ಲಿ ಎರಡು ಗುಂಡಿ ಅಗೆದು ಆಗಿತ್ತು, ಉಳಿದವಕ್ಕೆ ಸುಣ್ಣದ ಗುರುತು ಬಿದ್ದಿತ್ತು. ಸರಿಪಡಿಸಲು ಅರ್ಧ ದಿನ ಹೋಯಿತು.

ಆದದ್ದು ಇಷ್ಟೇ. ನಾನು ಪ್ರಿಂಟ್ ಅಂಗಡಿಗೆ ಡಿಡಬ್ಲ್ಯುಜಿ ಫೈಲ್, ಅಂದರೆ ನಕ್ಷೆ ಬಿಡಿಸುವ ಆಟೋಕ್ಯಾಡ್ ಸಾಫ್ಟ್‌ವೇರ್‌ನ ಡ್ರಾಯಿಂಗ್ ಫೈಲ್, ಮಾತ್ರ ಕಳಿಸಿದ್ದೆ. ಅದರ ಜೊತೆ ಹೋಗಬೇಕಿದ್ದ ಪ್ಲಾಟ್ ಸ್ಟೈಲ್ ಫೈಲ್ ಹೋಗಿರಲಿಲ್ಲ. ಅವರ ಕಂಪ್ಯೂಟರ್‌ನಲ್ಲಿ ಅದರ ಹೆಸರಿನ ಮುಂದೆ ಮಿಸ್ಸಿಂಗ್ ಅಂತ ಬಂದಿರುತ್ತದೆ, ಅವರು ನೋಡದೆ ಓಕೆ ಒತ್ತಿರುತ್ತಾರೆ. ದಿನಕ್ಕೆ ಎಷ್ಟೋ ಫೈಲ್ ನೋಡುವವರು, ತಪ್ಪು ಅವರದ್ದು ಅಂತ ಹೇಳಲಾರೆ. ಅವತ್ತಿಂದ ಈ ಪ್ಲಾಟ್ ಸ್ಟೈಲ್ ಬೇಕಾ ಬೇಡವಾ, ಬೇಕಾದರೆ ಯಾವುದು ಅಂತ ಕೂತು ಯೋಚಿಸಿ, ಬೇರೆ ಬೇರೆ ಥರ ಪ್ರಿಂಟ್ ತೆಗೆದು ನೋಡಿದ್ದೇನೆ. ಚಿಕ್ಕ ಆಫೀಸ್ ನಡೆಸುವವರಿಗೆ, ಡಿಪ್ಲೊಮಾ ಮುಗಿಸಿ ಈಗಷ್ಟೇ ಡ್ರಾಫ್ಟಿಂಗ್‌ಗೆ ಬಂದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಇಲ್ಲಿ ಪ್ಲಾಟ್ ಅಂದರೆ ಸೈಟ್ ಅಲ್ಲ, ಪ್ಲಾಟರ್‌ನಲ್ಲಿ ಪ್ರಿಂಟ್ ತೆಗೆಯುವುದು. ಕಪ್ಪು ಸ್ಕ್ರೀನ್ ಮೇಲೆ ನಾವು ಬಣ್ಣಬಣ್ಣದ ಗೆರೆಯಲ್ಲಿ ಕೆಲಸ ಮಾಡುತ್ತೇವೆ, ಗೋಡೆ ಒಂದು ಬಣ್ಣ, ಬಾಗಿಲು ಒಂದು, ಅಳತೆ ಒಂದು. ಕಣ್ಣಿಗೆ ಬೇಗ ಗೊತ್ತಾಗಲಿ ಅಂತ. ಕಾಗದದ ಮೇಲೆ ಬೇಕಾದ್ದು ಬೇರೆ. ಅಲ್ಲಿ ಎಲ್ಲ ಕಪ್ಪು ಇರಬೇಕು, ಗೋಡೆ ದಪ್ಪ ಇರಬೇಕು, ಅಳತೆ ಗೆರೆ ತೆಳ್ಳಗಿರಬೇಕು. ಸ್ಕ್ರೀನಿಗೂ ಕಾಗದಕ್ಕೂ ನಡುವೆ ಕೂತು "ಹಳದಿಯನ್ನು ಕಪ್ಪು ಮಾಡು, 0.18 ಮಿಮೀ ದಪ್ಪ ಮಾಡು" ಅಂತ ಹೇಳುವ ಪಟ್ಟಿಯೇ ಪ್ಲಾಟ್ ಸ್ಟೈಲ್ ಟೇಬಲ್. ಇದರಲ್ಲಿ ಎರಡು ಜಾತಿ. ಬಣ್ಣ ನೋಡಿ ಕೆಲಸ ಮಾಡುವುದು ಸಿಟಿಬಿ, ಅದರಲ್ಲಿ ಆಟೋಕ್ಯಾಡ್‌ನ ನಂಬರ್ ಹಾಕಿದ 255 ಬಣ್ಣಕ್ಕೆ 255 ಸಾಲು. ಹೆಸರು ನೋಡಿ ಕೆಲಸ ಮಾಡುವುದು ಎಸ್‌ಟಿಬಿ.

ಬಣ್ಣಕ್ಕೂ ದಪ್ಪಕ್ಕೂ ಯಾಕೆ ಗಂಟು ಹಾಕಿದರು ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ನನಗೆ ಕೆಲಸ ಕಲಿಸಿದ ಹಿರಿಯರು ಟ್ರೇಸಿಂಗ್ ಶೀಟ್ ಮೇಲೆ ರೋಟ್ರಿಂಗ್ ಪೆನ್ನಲ್ಲಿ ಬರೆದು ಅಮೋನಿಯಾ ಪ್ರಿಂಟ್ ತೆಗೆಸುತ್ತಿದ್ದವರು. ಅವರ ಹತ್ತಿರ 0.25, 0.35, 0.5, 0.7 ಅಂತ ಪೆನ್ನಿನ ಸೆಟ್ ಇತ್ತು, ಒಂದೊಂದರ ಕ್ಯಾಪಿಗೂ ಒಂದೊಂದು ಬಣ್ಣದ ಗುರುತು. ಆಟೋಕ್ಯಾಡ್ 1982ರಲ್ಲಿ ಬಂದಾಗ ಡ್ರಾಯಿಂಗ್ ಹೊರಗೆ ಬರುತ್ತಿದ್ದದ್ದು ಪೆನ್ ಪ್ಲಾಟರ್‌ನಲ್ಲಿ. ಮೆಷಿನ್ ನಿಜವಾದ ಪೆನ್ ಹಿಡಿದು ಬರೆಯುತ್ತಿತ್ತು. ಯಾವ ಗೆರೆಗೆ ಯಾವ ಪೆನ್ ಅಂತ ಹೇಳಲು ಗೆರೆಯ ಬಣ್ಣವನ್ನೇ ಬಳಸುತ್ತಿದ್ದರು. ಪೆನ್ ಪ್ಲಾಟರ್ ಹೋಯಿತು, ಅಭ್ಯಾಸ ಉಳಿಯಿತು. 1999ರಲ್ಲಿ ಆಟೋಕ್ಯಾಡ್ 2000 ಬಂದಾಗ ಈ ಪ್ಲಾಟ್ ಸ್ಟೈಲ್ ಟೇಬಲ್‌ಗಳೂ ಬಂದವು, ಅದರ ಜೊತೆಗೇ ಲೈನ್‌ವೆಯ್ಟ್ ಅನ್ನುವುದನ್ನೂ ಕೊಟ್ಟರು. ಅಂದರೆ ಗೆರೆಯ ದಪ್ಪವನ್ನು ನೇರವಾಗಿ ಲೇಯರ್‌ಗೇ ಕೊಡಬಹುದು, ಬಣ್ಣದ ಹಂಗಿಲ್ಲ. ಈ ಎರಡನೇ ವಿಷಯವನ್ನು ನಮ್ಮಲ್ಲಿ ಎಷ್ಟೋ ಜನ ಮುಟ್ಟಿಯೇ ನೋಡಿಲ್ಲ. ನಾನೂ ನೋಡಿರಲಿಲ್ಲ.

ಮೊದಲು ಪ್ಲಾಟ್ ಸ್ಟೈಲ್ ಇಲ್ಲದೆ ಪ್ರಿಂಟ್ ತೆಗೆದರೆ ಏನಾಗುತ್ತದೆ ಅಂತ ನೋಡೋಣ. ಪ್ಲಾಟ್ ಡಯಲಾಗ್‌ನಲ್ಲಿ ಟೇಬಲ್ ಜಾಗದಲ್ಲಿ ನನ್ (None, ಯಾವುದೂ ಬೇಡ) ಅಂತ ಬಿಟ್ಟರೆ ಸ್ಕ್ರೀನಿನ ಬಣ್ಣಗಳೇ ಕಾಗದಕ್ಕೆ ಬರುತ್ತವೆ. 7ನೇ ಬಣ್ಣ ಮಾತ್ರ ಕಪ್ಪು ಸ್ಕ್ರೀನಲ್ಲಿ ಬಿಳಿ, ಕಾಗದದಲ್ಲಿ ಕಪ್ಪು. ಉಳಿದಂತೆ ಹಳದಿ ಹಳದಿಯೇ, ಸಯಾನ್ ಸಯಾನೇ. ಕಲರ್ ಪ್ರಿಂಟರ್ ಆದರೆ ತೆಳು ಬಣ್ಣ ಮಾಸಿ ಹೋಗುತ್ತದೆ. ಕಪ್ಪು ಬಿಳುಪಿನ ಮೆಷಿನ್ ಆದರೆ ಇನ್ನೂ ಕಷ್ಟ, ಅದು ಪ್ರತಿ ಬಣ್ಣವನ್ನೂ ಬೂದು ಮಾಡಲು ಸಣ್ಣ ಸಣ್ಣ ಚುಕ್ಕೆ ಹಾಕುತ್ತದೆ, ತೆಳ್ಳಗಿನ ಹಳದಿ ಗೆರೆ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಮುಗಿಯುತ್ತದೆ. ಮಲೆನಾಡಿನ ಕಡೆ ಕೆಲಸ ಮಾಡುವ ನಮಗೆ ಇನ್ನೊಂದು ತೊಂದರೆ ಇದೆ. ಜೂನ್ ಬಂತೆಂದರೆ ಸೈಟಲ್ಲಿ ಕಾಗದ ನೆನೆಯುವುದು ಗ್ಯಾರಂಟಿ. ನಮ್ಮಲ್ಲಿ ತೆಗೆಸಿದ ಇಂಕ್‌ಜೆಟ್ ಕಲರ್ ಪ್ರಿಂಟ್ ಎರಡು ಹನಿ ಬಿದ್ದರೆ ಹರಡಿಕೊಂಡಿದೆ. ಲೇಸರ್ ಕಪ್ಪು ಪ್ರಿಂಟ್ ನೆನೆದರೂ ಓದಲು ಬಂದಿದೆ.

ಹಾಗಂತ ನನ್ ಅನ್ನುವುದು ಸದಾ ತಪ್ಪಲ್ಲ. ಇಂಟೀರಿಯರ್ ತೋರಿಸಲು ಕಲರ್ ಲೇಔಟ್ ಮಾಡಿದ್ದೀರಿ, ಇಲ್ಲವೇ ಪ್ಲಂಬಿಂಗ್‌ನಲ್ಲಿ ಬಿಸಿನೀರಿನ ಪೈಪ್ ಕೆಂಪು, ತಣ್ಣೀರಿನದು ನೀಲಿ ಅಂತ ಹಾಕಿದ್ದೀರಿ, ಆಗ ಬಣ್ಣವೇ ವಿಷಯ. ಅಲ್ಲಿ ಪ್ಲಾಟ್ ಸ್ಟೈಲ್ ಬೇಡ. ಅಥವಾ ಆಟೋಕ್ಯಾಡ್ ಜೊತೆಗೇ ಬರುವ ಅಕ್ಯಾಡ್ ಸಿಟಿಬಿ ಹಾಕಿ, ಅದು ಬಣ್ಣ ಇದ್ದ ಹಾಗೇ ಬಿಡುತ್ತದೆ.

ಇನ್ನು ನಮ್ಮ ಕಡೆ ಹೆಚ್ಚು ಜನ ಮಾಡುವುದು ಆಫೀಸಿನದ್ದೇ ಒಂದು ಸ್ವಂತ ಸಿಟಿಬಿ. ಕೆಂಪು ಅಂದರೆ 0.18, ಹಳದಿ 0.25, ಹಸಿರು 0.35, ಸಯಾನ್ 0.5 ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ಇದರಲ್ಲಿ ಸುಖ ಇದೆ, ಸುಳ್ಳು ಹೇಳುವುದಿಲ್ಲ. ಸ್ಕ್ರೀನ್ ನೋಡಿದ ತಕ್ಷಣ ಯಾವ ಗೆರೆ ಎಷ್ಟು ದಪ್ಪ ಬರುತ್ತದೆ ಅಂತ ಬಣ್ಣದಿಂದಲೇ ಗೊತ್ತಾಗುತ್ತದೆ, ಎಲ್ಲರೂ ಒಂದೇ ಸಿಟಿಬಿ ಬಳಸುವ ದೊಡ್ಡ ಆಫೀಸಿನಲ್ಲಿ ಹತ್ತು ಜನ ಬಿಡಿಸಿದರೂ ಪ್ರಿಂಟ್ ಒಂದೇ ಥರ ಬರುತ್ತದೆ. ತೊಂದರೆ ಶುರುವಾಗುವುದು ಫೈಲ್ ಆಫೀಸಿನ ಬಾಗಿಲು ದಾಟಿದ ಮೇಲೆ. ಡ್ರಾಯಿಂಗ್ ಒಳಗೆ ಇರುವುದು ಸಿಟಿಬಿಯ ಹೆಸರು ಮಾತ್ರ. ಪಟ್ಟಿ ಬೇರೆ ಫೈಲ್, ಅದು ನಿಮ್ಮ ಕಂಪ್ಯೂಟರ್‌ನ ಪ್ಲಾಟ್ ಸ್ಟೈಲ್ಸ್ ಫೋಲ್ಡರ್‌ನಲ್ಲಿ ಕೂತಿರುತ್ತದೆ. ಆ ಫೈಲ್ ಇಲ್ಲದ ಕಡೆ ಬಣ್ಣವೂ ಹೋಯಿತು, ದಪ್ಪವೂ ಹೋಯಿತು. ಲೇಯರ್‌ಗಳಲ್ಲಿ ಲೈನ್‌ವೆಯ್ಟ್ ಡಿಫಾಲ್ಟ್ ಅಂತಲೇ ಬಿಟ್ಟಿದ್ದರೆ ಗೋಡೆ, ಬಾಗಿಲು, ಟೈಲ್ಸ್ ಹ್ಯಾಚ್ (ಜಾಗ ತುಂಬಿಸುವ ಗೆರೆಗಳು) ಎಲ್ಲವೂ 0.25ರ ಒಂದೇ ದಪ್ಪದಲ್ಲಿ ಬರುತ್ತವೆ. ಗೋಡೆ ಯಾವುದು ಸ್ಲ್ಯಾಬ್ ಅಂಚು ಯಾವುದು ಅಂತ ಮೇಸ್ತ್ರಿ ಊಹೆ ಮಾಡಬೇಕು. ನನಗೆ ಆಗಿದ್ದು ಇದೇ.

ಬೇರೆಯವರಿಂದ ಬರುವ ಫೈಲ್‌ನಲ್ಲೂ ಇದೇ ಗೋಳು. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಒಬ್ಬರ ಡ್ರಾಯಿಂಗ್‌ನಲ್ಲಿ ಹಸಿರು ಅಂದರೆ ತೆಳು ಗೆರೆ, ನನ್ನದರಲ್ಲಿ ಹಸಿರು ಅಂದರೆ ಬೀಮ್. ಅವರ ಫೈಲನ್ನು ನನ್ನ ಸಿಟಿಬಿಯಲ್ಲಿ ಪ್ರಿಂಟ್ ತೆಗೆದಾಗ ಅಳತೆ ಅಕ್ಷರಗಳೆಲ್ಲ ದಪ್ಪಗಾಗಿ 6 ಮತ್ತು 8 ಒಂದೇ ಥರ ಕಂಡವು. ಸರಳಿನ ಅಂತರ ಬರೆದ ಕಡೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಎಸ್‌ಟಿಬಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯೋಚನೆ ಚೆನ್ನಾಗಿದೆ. ಲೇಯರ್‌ಗೆ ಬಣ್ಣ ಏನೇ ಇರಲಿ, "ದಪ್ಪ ಕಪ್ಪು", "ತೆಳು ಬೂದು" ಅಂತ ಹೆಸರಿಟ್ಟ ಸ್ಟೈಲ್ ಕೊಡಬಹುದು. ಆದರೆ ಒಂದು ಡ್ರಾಯಿಂಗ್ ಸಿಟಿಬಿ ಜಾತಿಯದೋ ಎಸ್‌ಟಿಬಿ ಜಾತಿಯದೋ ಅಂತ ಶುರುವಿನಲ್ಲೇ, ಟೆಂಪ್ಲೇಟ್ (ಹೊಸ ಡ್ರಾಯಿಂಗ್ ಶುರು ಮಾಡುವ ಸಿದ್ಧ ಫೈಲ್) ಆರಿಸುವಾಗಲೇ ತೀರ್ಮಾನ ಆಗಿಬಿಡುತ್ತದೆ. ಸಿಟಿಬಿ ಡ್ರಾಯಿಂಗ್‌ಗೆ ಎಸ್‌ಟಿಬಿ ಹಾಕಲು ಬರುವುದಿಲ್ಲ, ಲಿಸ್ಟಲ್ಲೇ ತೋರಿಸುವುದಿಲ್ಲ. ಬದಲಾಯಿಸಲು ಕನ್ವರ್ಟ್‌ಪಿಸ್ಟೈಲ್ಸ್ ಅಂತ ಕಮಾಂಡ್ ಇದೆ, ಆದರೆ ಎಸ್‌ಟಿಬಿಯಿಂದ ಸಿಟಿಬಿಗೆ ತಂದರೆ ಲೇಯರ್‌ಗಳಿಗೆ ಕೊಟ್ಟ ಸ್ಟೈಲ್ ಹೆಸರೆಲ್ಲ ಅಳಿಸಿ ಹೋಗುತ್ತದೆ. ನನಗೆ ಇಲ್ಲಿತನಕ ಇಂಜಿನಿಯರ್‌ಗಳಿಂದ, ಸರ್ವೆಯವರಿಂದ, ಬೇರೆ ಆರ್ಕಿಟೆಕ್ಟ್‌ಗಳಿಂದ ಬಂದ ಫೈಲ್‌ಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಸಿಟಿಬಿ. ಸುತ್ತಲಿನವರು ಒಂದರಲ್ಲಿ ಇರುವಾಗ ನಾನೊಬ್ಬ ಇನ್ನೊಂದರಲ್ಲಿ ಇದ್ದರೆ ದಿನವೂ ಕನ್ವರ್ಟ್ ಮಾಡುತ್ತ ಕೂರಬೇಕು. ಅದಕ್ಕೆ ಬಿಟ್ಟೆ.

ಹಾಗಾದರೆ ನಾನು ಈಗ ಏನು ಮಾಡುತ್ತೇನೆ? ಪ್ಲಾಟ್ ಸ್ಟೈಲ್ ಬಳಸುತ್ತೇನೆ. ಆದರೆ ಆಟೋಕ್ಯಾಡ್ ಜೊತೆಗೇ ಬರುವ ಮೊನೊಕ್ರೋಮ್ ಸಿಟಿಬಿ ಮಾತ್ರ. ಅದು 255 ಬಣ್ಣವನ್ನೂ ಕಪ್ಪು ಮಾಡುತ್ತದೆ, ದಪ್ಪದ ವಿಷಯಕ್ಕೆ ಕೈ ಹಾಕುವುದಿಲ್ಲ, ಗೆರೆಗೆ ಕೊಟ್ಟಿರುವ ಲೈನ್‌ವೆಯ್ಟನ್ನೇ ತೆಗೆದುಕೊಳ್ಳುತ್ತದೆ. ದಪ್ಪವನ್ನೆಲ್ಲ ಲೇಯರ್‌ನಲ್ಲಿ ಇಟ್ಟಿದ್ದೇನೆ. ಕಡಿದು ತೋರಿಸುವ ಗೋಡೆ 0.5, ಬೀಮ್ 0.35, ಬಾಗಿಲು ಕಿಟಕಿ 0.25, ಅಳತೆ ಮತ್ತು ಸೆಂಟರ್‌ಲೈನ್ 0.18, ಹ್ಯಾಚ್ 0.09. ಟೆಂಪ್ಲೇಟಲ್ಲಿ ಒಮ್ಮೆ ಹಾಕಿಟ್ಟರೆ ಮುಗಿಯಿತು. ಇದರ ಲಾಭ ನೋಡಿ. ಮೊನೊಕ್ರೋಮ್ ಸಿಟಿಬಿ ಆಟೋಕ್ಯಾಡ್ ಇರುವ ಎಲ್ಲ ಕಡೆ ಇರುತ್ತದೆ, ಆದ್ದರಿಂದ ಮಿಸ್ಸಿಂಗ್ ಅನ್ನುವ ಮಾತು ಬರುವುದು ಕಡಿಮೆ. ಯಾರೋ ಅದನ್ನೂ ತೆಗೆದು ಪ್ರಿಂಟ್ ಕೊಟ್ಟರೂ ಬಣ್ಣ ಮಾತ್ರ ಕೆಡುತ್ತದೆ, ದಪ್ಪ ತೆಳು ಹಾಗೇ ಉಳಿಯುತ್ತದೆ. ಇಷ್ಟು ವರ್ಷ ಸುಮ್ನೆ ಬಣ್ಣದ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದೆವಲ್ಲ ಅನಿಸಿತು.

ಮೊನೊಕ್ರೋಮ್‌ಗೂ ಒಂದು ಕೊರತೆ ಇದೆ, ಅದು ದೊಡ್ಡದೇ. ಬೂದು ಬಣ್ಣವನ್ನೂ ಅದು ಕಪ್ಪು ಮಾಡುತ್ತದೆ. 8, 9, 250ರಿಂದ 255ರವರೆಗಿನ ಬೂದು ಬಣ್ಣಗಳಲ್ಲಿ ಹ್ಯಾಚ್ ಹಾಕಿ ಸ್ಕ್ರೀನಲ್ಲಿ ಮೆತ್ತಗೆ ಕಾಣುತ್ತಿತ್ತು ಅಂತ ಖುಷಿಪಟ್ಟರೆ ಪ್ರಿಂಟಲ್ಲಿ ಟೈಲ್ಸ್ ಗೆರೆಯೆಲ್ಲ ಕಪ್ಪಗೆ ಬಂದು ರೂಮಿನ ಹೆಸರೇ ಮುಚ್ಚಿ ಹೋಗುತ್ತದೆ. ಸಾಲಿಡ್ ಹ್ಯಾಚ್ ಆದರಂತೂ ಮಸಿ ಬಳಿದ ಹಾಗೆ. ಇದಕ್ಕೆ ಕೆಲವರು ಮೊನೊಕ್ರೋಮ್‌ನ ಕಾಪಿ ಮಾಡಿ 8 ಮತ್ತು 9ಕ್ಕೆ ಸ್ಕ್ರೀನಿಂಗ್ 50 (ಅರ್ಧ ಮಸಿ) ಅಂತ ಇಡುತ್ತಾರೆ. ಆಗ ಮತ್ತೆ ಅದು ನಿಮ್ಮ ಸ್ವಂತ ಫೈಲ್ ಆಯಿತು, ಮತ್ತೆ ಕಳೆದುಹೋಗುವ ಭಯ.

ನಾನು ಕಂಡುಕೊಂಡ ದಾರಿ ಟ್ರೂ ಕಲರ್. ಆಟೋಕ್ಯಾಡ್ 2004ರಿಂದ 255 ಬಣ್ಣಗಳ ಆಚೆಗೂ ಕೆಂಪು, ಹಸಿರು, ನೀಲಿ ಅಂಕಿ ಕೊಟ್ಟು ಬಣ್ಣ ಮಾಡಬಹುದು. ಸಿಟಿಬಿಗೆ ಗೊತ್ತಿರುವುದು 255 ನಂಬರ್ ಮಾತ್ರ. ಟ್ರೂ ಕಲರ್ ಗೆರೆ ಬಂದರೆ ಅದು ಸುಮ್ಮನೆ ಬಿಟ್ಟುಬಿಡುತ್ತದೆ, ಬಣ್ಣ ಇದ್ದ ಹಾಗೇ ಕಾಗದಕ್ಕೆ ಹೋಗುತ್ತದೆ. ಹಾಗಾಗಿ ಹ್ಯಾಚ್ ಲೇಯರ್‌ಗೆ 150,150,150 ಅಂತ ಟ್ರೂ ಕಲರ್ ಕೊಟ್ಟರೆ ಮೊನೊಕ್ರೋಮ್ ಹಾಕಿದರೂ ಹ್ಯಾಚ್ ಬೂದಾಗಿಯೇ ಬರುತ್ತದೆ. ಬೇರೆ ಫೈಲ್ ಬೇಡ, ಡ್ರಾಯಿಂಗ್ ಒಳಗೇ ಇರುತ್ತದೆ.

ಪರವಾನಗಿಗೆ ಕೊಡುವ ಪ್ಲಾನ್‌ನಲ್ಲಿ ಇದೇ ಉಪಾಯ ನನ್ನ ಕೈ ಹಿಡಿಯಿತು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ಹೊಸದಾಗಿ ಕಟ್ಟುವುದು ಕೆಂಪು, ಒಡೆಯುವುದು ಹಳದಿ ಹ್ಯಾಚ್, ಈಗಿರುವ ರಸ್ತೆ ಹಸಿರು, ಚರಂಡಿ ಕೆಂಪು ಚುಕ್ಕೆ ಗೆರೆ. ಅಲ್ಲಿ ಎಲ್ಲ ಕಪ್ಪಾದರೆ ಪ್ಲಾನ್ ವಾಪಸ್ ಬರುತ್ತದೆ. ಹಾಗಂತ ಪ್ಲಾಟ್ ಸ್ಟೈಲ್ ತೆಗೆದರೆ ಅಳತೆ, ಅಕ್ಷರ, ಪೀಠೋಪಕರಣ ಎಲ್ಲ ಬಣ್ಣಬಣ್ಣ. ಮೊದಲು ಇದಕ್ಕೆ ಅಂತಲೇ ಎರಡನೇ ಸಿಟಿಬಿ ಇಟ್ಟುಕೊಂಡಿದ್ದೆ, ಅದರಲ್ಲಿ 1ನೇ ಬಣ್ಣ ಮಾತ್ರ ಕೆಂಪಾಗಿ ಬರುವ ಹಾಗೆ. ಆದರೆ 1ನೇ ಬಣ್ಣದಲ್ಲೇ ಸೆಂಟರ್‌ಲೈನ್ ಕೂಡ ಇರುತ್ತಿತ್ತು, ಅದೂ ಕೆಂಪಾಗುತ್ತಿತ್ತು, ಕೂತು ಒಂದೊಂದೇ ಲೇಯರ್ ಬದಲಿಸಬೇಕಿತ್ತು. ಈಗ ಹೊಸ ಕಟ್ಟಡದ ಲೇಯರ್‌ಗೆ ಟ್ರೂ ಕಲರ್ 255,0,0. ಒಡೆಯುವ ಭಾಗಕ್ಕೆ ಟ್ರೂ ಕಲರ್ ಹಳದಿ, ಸ್ವಲ್ಪ ಗಾಢ ಮಾಡಿ. ಉಳಿದಿದ್ದೆಲ್ಲ ಮೊನೊಕ್ರೋಮ್‌ನಲ್ಲಿ ಕಪ್ಪು. ಒಂದೇ ಡ್ರಾಯಿಂಗ್, ಒಂದೇ ಸಿಟಿಬಿ.

ಇದೇ ಟ್ರೂ ಕಲರ್ ಉಲ್ಟಾ ಹೊಡೆಯುವುದೂ ಉಂಟು. "ಮೊನೊಕ್ರೋಮ್ ಹಾಕಿದ್ದೀನಿ, ಆದರೂ ಸೋಫಾ ನೀಲಿ ಬಂತು ಸರ್" ಅಂತ ನಮ್ಮ ಆಫೀಸಿನ ಹುಡುಗಿ ಒಂದು ದಿನ ತಲೆ ಕೆಡಿಸಿಕೊಂಡಿದ್ದಳು. ನೆಟ್‌ನಿಂದ ಇಳಿಸಿದ ಬ್ಲಾಕ್ (ಒಂದೇ ತುಂಡಾಗಿ ತಂದು ಹಾಕುವ ಸಿದ್ಧ ಚಿತ್ರ), ಅದರೊಳಗಿನ ಗೆರೆಗಳಿಗೆ ಟ್ರೂ ಕಲರ್ ಕೊಟ್ಟಿದ್ದರು. ಗೆರೆಗೆ ಅದರ ಲೇಯರ್‌ನ ಬಣ್ಣವನ್ನೇ ಕೊಡುವ ಸೆಟ್‌ಬೈಲೇಯರ್ ಕಮಾಂಡ್ ಕೊಟ್ಟು, ಬ್ಲಾಕ್ ಒಳಗಿನದ್ದನ್ನೂ ಸೇರಿಸು ಅಂದಾಗ ಸರಿಹೋಯಿತು. ಮರ, ಕಾರು, ಬಾತ್‌ರೂಮ್ ಫಿಟಿಂಗ್ ಇಂಥ ಬ್ಲಾಕ್‌ಗಳನ್ನು ಲೈಬ್ರರಿಗೆ ಸೇರಿಸುವ ಮೊದಲೇ ಈ ಕೆಲಸ ಮುಗಿಸಿಡಿ.

ಪ್ರಿಂಟ್ ಡಯಲಾಗ್‌ನಲ್ಲಿ ಇನ್ನೊಂದು ಟಿಕ್ ಇದೆ, ಸ್ಕೇಲ್ ಲೈನ್‌ವೆಯ್ಟ್ಸ್. ಲೇಔಟ್‌ನಲ್ಲಿ, ಅಂದರೆ ಶೀಟ್ ಜೋಡಿಸುವ ಟ್ಯಾಬ್‌ನಲ್ಲಿ ಮಾತ್ರ ಸಿಗುತ್ತದೆ. ಎ1 ಶೀಟಿಗೆ ಮಾಡಿದ ಡ್ರಾಯಿಂಗನ್ನು ಸೈಟಿಗೆ ಎ3ಯಲ್ಲಿ ತೆಗೆಯುತ್ತೇವಲ್ಲ, ಆಗ ಎಲ್ಲ ಅಳತೆ ಸರಿಯಾಗಿ ಅರ್ಧ ಆಗುತ್ತದೆ, 841 ಮಿಮೀ 420 ಆಗುತ್ತದೆ. ಈ ಟಿಕ್ ಹಾಕದಿದ್ದರೆ ಡ್ರಾಯಿಂಗ್ ಅರ್ಧ ಆಗುತ್ತದೆ, ಗೆರೆ ಮಾತ್ರ ಮೊದಲಿನ ದಪ್ಪದಲ್ಲೇ ಇರುತ್ತದೆ. ಒತ್ತೊತ್ತಾಗಿರುವ ಕಡೆ, ಮೆಟ್ಟಿಲ ಹತ್ತಿರ, ಟಾಯ್ಲೆಟ್ ಹತ್ತಿರ ಎಲ್ಲ ಸೇರಿ ಕಪ್ಪು ಮುದ್ದೆ. ಹಾಕಿದರೆ 0.5 ಹೋಗಿ 0.25 ಆಗುತ್ತದೆ, 0.18 ಹೋಗಿ 0.09. ಕಪ್ಪು ಇದ್ದರೆ 0.09 ಕೂಡ ಓದಬಹುದು. ಬೂದು ಇದ್ದರೆ ಕಷ್ಟ, ಅದಕ್ಕೆ ಅಳತೆ ಅಕ್ಷರಗಳನ್ನು ಎಂದೂ ಬೂದು ಮಾಡಬೇಡಿ.

ಪ್ರಿಂಟ್ ಅಂಗಡಿಗೆ ಈಗ ನಾನು ಡಿಡಬ್ಲ್ಯುಜಿ ಕಳಿಸುವುದೇ ಇಲ್ಲ. ನನ್ನ ಕಂಪ್ಯೂಟರ್‌ನಲ್ಲೇ ಡಿಡಬ್ಲ್ಯುಜಿ ಟು ಪಿಡಿಎಫ್ ಮಾಡಿ, ಆ ಪಿಡಿಎಫ್ ಕಳಿಸುತ್ತೇನೆ. ಬಣ್ಣ, ದಪ್ಪ ಎಲ್ಲ ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅವರ ಹತ್ತಿರ ಯಾವ ಸಿಟಿಬಿ ಇದ್ದರೂ ಇಲ್ಲದಿದ್ದರೂ ಒಂದೇ. ಒಂದು ಮಾತು ಮಾತ್ರ ಹೇಳಿ ಕಳಿಸುತ್ತೇನೆ, ಫಿಟ್ ಟು ಪೇಜ್ ಬೇಡ, 100 ಪರ್ಸೆಂಟ್ ಇಡಿ ಅಂತ. ಇಲ್ಲದಿದ್ದರೆ ಸ್ಕೇಲ್ ಕೆಡುತ್ತದೆ. ಡಿಡಬ್ಲ್ಯುಜಿಯೇ ಬೇಕು ಅನ್ನುವ ಕನ್ಸಲ್ಟೆಂಟ್‌ಗಳಿಗೆ ಇ-ಟ್ರಾನ್ಸ್‌ಮಿಟ್ ಮಾಡುತ್ತೇನೆ, ಅದು ಎಕ್ಸ್‌ರೆಫ್ (ಡ್ರಾಯಿಂಗ್‌ಗೆ ಜೋಡಿಸಿದ ಬೇರೆ ಡ್ರಾಯಿಂಗ್‌ಗಳು) ಜೊತೆ ಸಿಟಿಬಿಯನ್ನೂ ಜಿಪ್‌ನಲ್ಲಿ ಸೇರಿಸಿ ಕೊಡುತ್ತದೆ. ಬ್ರಿಕ್ಸ್‌ಕ್ಯಾಡ್, ಝಡ್‌ಡಬ್ಲ್ಯುಕ್ಯಾಡ್ ಅನ್ನುವ ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಸಿಟಿಬಿ ನಡೆಯುತ್ತದೆ, ಹಾಗಾಗಿ ಲೈಸೆನ್ಸ್ ದುಬಾರಿ ಅಂತ ಆ ಕಡೆ ಹೋದ ಸ್ನೇಹಿತರ ಜೊತೆ ಫೈಲ್ ಹಂಚಿಕೊಳ್ಳಲು ತೊಂದರೆ ಆಗಿಲ್ಲ.

ಒಟ್ಟಿನಲ್ಲಿ ಮೊನೊಕ್ರೋಮ್ ಸಿಟಿಬಿಗೆ 5ರಲ್ಲಿ 4 ಕೊಡುತ್ತೇನೆ, ಬೂದು ವಿಷಯಕ್ಕೆ ಒಂದು ಕಡಿಮೆ. ಸ್ವಂತ ಬಣ್ಣದ ಸಿಟಿಬಿಗೆ 3, ಅದೂ ಫೈಲ್ ಕೊನೆವರೆಗೂ ಒಂದೇ ಆಫೀಸಿನಲ್ಲಿ ಇರುತ್ತದೆ ಅಂದರೆ ಮಾತ್ರ. ಹಳೆಯ ಡ್ರಾಯಿಂಗ್ ರಾಶಿ ಇರುವವರು ಎಲ್ಲವನ್ನೂ ಒಂದೇ ಸಲ ಬದಲಿಸಲು ಹೋಗಬೇಡಿ. ನಾನು ಹೊಸ ಕೆಲಸಗಳನ್ನು ಮಾತ್ರ ಹೊಸ ಟೆಂಪ್ಲೇಟಲ್ಲಿ ಶುರು ಮಾಡಿದೆ, ಹಳೆಯದು ಯಾವುದಾದರೂ ಮತ್ತೆ ತೆರೆಯಬೇಕಾಗಿ ಬಂದಾಗ ಅದರ ಲೇಯರ್‌ಗಳಿಗೆ ದಪ್ಪ ಕೊಡುತ್ತಿದ್ದೇನೆ. ಇನ್ನೂ ಅರ್ಧದಷ್ಟು ಬಾಕಿ ಇದೆ. ಆ ಸೆಂಟರ್‌ಲೈನ್ ಡ್ರಾಯಿಂಗನ್ನು ಮಾತ್ರ ಅವತ್ತು ಸಂಜೆಯೇ ಮತ್ತೆ ತೆಗೆಸಿ, ಮಾರನೇ ದಿನ ಮೇಸ್ತ್ರಿ ಕೈಗೆ ಕೊಟ್ಟೆ. ಅವರು ಅದನ್ನು ಕಲ್ಲಿನ ಮೇಲೆ ಹರಡಿ, "10-9, 10-9, 12-9" ಅಂತ ಜೋರಾಗಿ ಓದಿಕೊಂಡು ದಾರ ಕಟ್ಟಲು ಎದ್ದರು.